ಹೊರಡದವಳಿಗೆ ಬೀಳ್ಕೊಡುಗೆ

ಹಾರ್ಲನ್ ವೆಲ್ಸ್, ಕಾನ್ಸಸ್
ಜೂನ್ 11, 2024

ಪ್ರೀತಿಯ ಸಿತ್ಸೋಫೆ ಅಕ್ಕನಿಗೆ,

ದೆಲಾಲಿಯ ನಮಸ್ಕಾರಗಳು. ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಕೆಲಸ ಜಾಸ್ತಿ ಎಂದು ನೆಪ ಹೇಳಬಹುದು, ನೀನು ನಂಬುವವಳಲ್ಲ. ಕ್ಷಮಿಸು. ನಮ್ಮ ತಂಗಿ ಯಾಯ್ರಾ ಬಿಟ್ಟುಹೋದ ಕೂಸು ಹಾಲು ಕುಡಿಯುತ್ತಿದೆಯೇ? ಅಮ್ಮ ಸರಿಯಾಗಿ ಊಟ ಮಾಡುತ್ತಿದ್ದಾಳೆಯೇ?

ಇಲ್ಲಿಯ ಸುದ್ದಿ ಕೇಳು. ಈ ತಿಂಗಳ ಕೊನೆಗೆ ನನ್ನ ಮೂರು ವರ್ಷ ಮುಗಿಯುತ್ತದೆ. ಡಾಕ್ಟರೇ ಸಿಗದ ಊರಿನಲ್ಲಿ ಮೂರು ವರ್ಷ ದುಡಿದರೆ ನಮ್ಮಂಥ ಪರದೇಶದ ಡಾಕ್ಟರುಗಳು ಈ ದೇಶದಲ್ಲಿ ಉಳಿಯಬಹುದು. ಆಮೇಲೆ ಎಲ್ಲಿಗೆ ಬೇಕಾದರೂ ಹೋಗಬಹುದು. ನನಗಿಂತ ಮುಂಚೆ ಬಂದಿದ್ದ ಮೂವರೂ ಅವಧಿ ತುಂಬಿದ ವಾರವೇ ಪಟ್ಟಣ ಸೇರಿಕೊಂಡರು. ನನಗೂ ಡೆನ್ವರಿನಿಂದ ಕರೆ ಬಂದಿತ್ತು. ನಾನು ಹೋದರೆ ಇಲ್ಲಿಯ ಬಸುರಿಯರು ತೊಂಬತ್ತು ಮೈಲಿ ಓಡಬೇಕು.

ಮೊನ್ನೆ ಭಾನುವಾರ ನಮ್ಮ ನರ್ಸ್ ಲವಾನ್ ಚರ್ಚಿಗೆ ಊಟಕ್ಕೆ ಕರೆದಳು. ಹೋದರೆ, ಗೋಡೆಯ ತುಂಬ ‘ಹೋಗಿ ಬನ್ನಿ ಡಾಕ್ಟರಮ್ಮ’ ಎಂಬ ಬ್ಯಾನರು! ಮೇಜಿನ ಮೇಲೆ ಹನ್ನೊಂದು ಚೆರ್ರಿ ಪೈ. ಮೈಯೆಲ್ಲ ಉರಿದುಹೋಯಿತು ಅಕ್ಕ.

“ಅಲ್ಲ ಕಣ್ರೀ, ಹೋಗ್ತೀನಿ ಅಂತ ಯಾರ್ ಹೇಳಿದ್ರು ನಿಮ್ಗೆ?”

“ಹೇಳೋದೇನ್ ಬಂತು? ಎಲ್ರೂ ಹೋಗೇ ಹೋಗ್ತಾರಲ್ಲ,” ಎಂದಳು ಲವಾನ್. “ಇನ್ನೆರಡು ವಾರಕ್ಕೆ ಗೋಧಿ ಕೊಯ್ಲು. ಆಮೇಲೆ ಪೈ ಮಾಡೋಕೆ ಯಾರಿಗ್ರೀ ಪುರ್ಸೊತ್ತು? ಅದ್ಕೇ ಈಗ್ಲೇ ಕಳ್ಸಿಬಿಡೋಣ ಅಂತ.”

ಸಕ್ಕರೆ ಕಾಯಿಲೆಯ ಮುದುಕ ಓರ್ವಿಲ್ ಬಾಯಿತುಂಬ ತುರುಕಿಕೊಂಡು, “ನೀವ್ ಹೋಗ್ದೇ ಇದ್ರೆ ತಿಂದಿದ್ದೆಲ್ಲಾ ವಾಪಸ್ ಕೊಡ್ಬೇಕೇನ್ರೀ?” ಎಂದ. ಎಲ್ಲರೂ ನಕ್ಕರು, ನನಗೂ ನಗು ತಡೆಯಲಾಗಲಿಲ್ಲ. ಕ್ರಿಸ್ಟಾ ಮಾತ್ರ ತಟ್ಟೆ ನೋಡುತ್ತ ಕೂತಿದ್ದಳು. ಅವಳಿಗೆ ಆಗಸ್ಟಿನಲ್ಲಿ ಹೆರಿಗೆ.

ಎದ್ದು ನಿಂತು ಹೇಳಿಯೇ ಬಿಟ್ಟೆ: “ನಾನು ಎಲ್ಲೂ ಹೋಗಲ್ಲ. ಆದ್ರೆ ವರ್ಷಕ್ಕೆ ಎರಡು ತಿಂಗಳು ಘಾನಾಕ್ಕೆ, ನಮ್ಮೂರ ಆಸ್ಪತ್ರೆಗೆ ಹೋಗೇ ಹೋಗ್ತೀನಿ. ಆಗ ಬದಲಿ ಡಾಕ್ಟರನ್ನ ನೀವೇ ಹುಡುಕ್ಕೊಳ್ಳಿ. ಒಪ್ಪಿಗೆ ಇದ್ರೆ ಆ ಬ್ಯಾನರ್ ಇಳ್ಸಿ.”

ಓರ್ವಿಲ್ ಕುರ್ಚಿ ಹತ್ತಲು ಹೋದ; ಬೈದು ಕೂರಿಸಿದೆ. ಲವಾನಳೇ ಹತ್ತಿ ಇಳಿಸಿದಳು.

ಡೆನ್ವರಿಗೆ ಆಗುವುದಿಲ್ಲವೆಂದು ಬರೆದಾಯಿತು. ಜನವರಿ, ಫೆಬ್ರವರಿ ನಿಮ್ಮ ಜೊತೆಗಿರುತ್ತೇನೆ, ಆಸ್ಪತ್ರೆಯವರಿಗೆ ಈಗಲೇ ಹೇಳಿಡು. ಕೂಸಿಗೆ ನನ್ನ ಮುತ್ತು. ದೇವರು ನಿಮ್ಮೆಲ್ಲರನ್ನೂ ಗಟ್ಟಿಯಾಗಿಟ್ಟಿರಲಿ.

ನಿನ್ನ ತಂಗಿ,
ದೆಲಾಲಿ

ವಿ.ಸೂ.: ಯಾಯ್ರಾಳನ್ನು ಹೆರಿಗೆಗೆ ಹೊತ್ತೊಯ್ದ ದಿನ ನಮ್ಮೂರ ಆಸ್ಪತ್ರೆಯ ಡಾಕ್ಟರ ಕೋಣೆಗೆ ಬೀಗ ಹಾಕಿತ್ತು, ಆರು ವರ್ಷದಿಂದ ಆ ಹುದ್ದೆ ಖಾಲಿ ಎಂದು ಒಂದೇ ಸಾಲು ಬರೆದಿದ್ದೆ ನೀನು. ಆರು ವರ್ಷದ ಹಿಂದೆ ನಾನು ತರಬೇತಿಗೆಂದು ಈ ದೇಶಕ್ಕೆ ಹೊರಟಾಗ, ಇಂಥ ಡಾಕ್ಟರು ನಮಗೆ ಬೇಕು ಎಂದು ನಮ್ಮ ಸರ್ಕಾರ ಪತ್ರ ಕೊಟ್ಟಿತ್ತು. ಮುಗಿಸಿ ಮರಳುತ್ತೇನೆಂದು ನಾನು ಸಹಿ ಹಾಕಿದ್ದೆ. ಇಲ್ಲಿ ದುಡಿದ ಮೂರು ವರ್ಷಕ್ಕೆ ಆ ಮಾತು ಮನ್ನಾ ಆಯಿತು. ಕಾನೂನಿನ ಪ್ರಕಾರ ನನ್ನದೇನೂ ತಪ್ಪಿಲ್ಲ. ಆ ಕೋಣೆಯಲ್ಲಿ ಇರಬೇಕಾದವಳು ನಾನು, ಅಕ್ಕ. ನಿನಗದು ಗೊತ್ತು. ಗೊತ್ತಿದ್ದೂ ನೀನು ನನ್ನನ್ನು ಒಂದು ಮಾತೂ ಬೈಯಲಿಲ್ಲ.