ಕೆಳಗಿನ ಅರ್ಧ

ಭಾನುವಾರ, ಮಧ್ಯಾಹ್ನ

ಚೌಕಟ್ಟಿನಂಗಡಿಯ ಮಹಡಿಯಲ್ಲಿ ವಾಸವಾಗಿರುವ ನನ್ನ ಯಜಮಾನರಿಗೆ,

ನಾನು ಕ್ಷೇಮ. ನೀವು ದಂಪತಿ ಸಮೇತ ಕ್ಷೇಮವಾಗಿರುವುದು ಇಂದಿನ ಪತ್ರಿಕೆಯಿಂದ ತಿಳಿಯಿತು.

ಒಳಪುಟ, ಬಲಗಡೆ. "ಅಪರೂಪದ ಸಿನಿಮಾ ಪೋಸ್ಟರಿನೊಂದಿಗೆ ಸಂಗ್ರಾಹಕ ದಂಪತಿ." ಪೋಸ್ಟರಿನ ಒಂದು ತುದಿ ನಿಮ್ಮ ಕೈಯಲ್ಲಿ, ಇನ್ನೊಂದು ತುದಿ ಚೌಕಟ್ಟಿನಂಗಡಿಯಾಕೆಯ ಕೈಯಲ್ಲಿ. ವರದಿಗಾರನಿಗೆ ಗೊತ್ತಿರಲಿಕ್ಕಿಲ್ಲ, ಸರಿ. ಗೊತ್ತಿದ್ದ ನೀವು ಹಲ್ಲು ಕಾಣುವಂತೆ ನಕ್ಕಿದ್ದೀರಿ. ನಮ್ಮ ಮದುವೆಯ ದಿನ ಫೋಟೋಗ್ರಾಫರ್ ಗೋಗರೆದರೂ ತುಟಿ ಬಿಚ್ಚದ ಮನುಷ್ಯ ನೀವು. ತಿದ್ದುಪಡಿ ಕೋರಿ ಸಂಪಾದಕರಿಗೆ ಬರೆದಾಗಿದೆ. ನನ್ನ ಪತ್ರವನ್ನು ಅವರು ಅಚ್ಚು ಹಾಕದೆ ಬಿಟ್ಟಿದ್ದಿಲ್ಲ.

ಆಕೆ ಹಾಳೆಯ ಮೂಲೆಯನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದಿದ್ದಾರೆ, ಒಗೆದ ಬಟ್ಟೆ ಹಿಡಿದ ಹಾಗೆ. ಹಳೆಯ ಕಾಗದವನ್ನು ಅಂಗೈ ಕೆಳಗಿಟ್ಟು ಹೊರಬೇಕು ಎಂದು ನನಗೆ ಕಲಿಸಲು ನೀವು ಇಡೀ ಒಂದು ಬೇಸಿಗೆ ತೆಗೆದುಕೊಂಡಿರಿ. ನಾನು ಹೀಗೆ ಚಿವುಟಿದ್ದರೆ ವಾರವಿಡೀ ಮಾತು ಬಿಡುತ್ತಿದ್ದಿರಿ. ಆಕೆಗೆ ರಿಯಾಯಿತಿ ಇರಬೇಕು.

ಪತ್ರಿಕೆ ಇನ್ನೂ ಮೇಜಿನ ಮೇಲಿರುವಾಗಲೇ ನನ್ನ ತಮ್ಮ ಬಂದ. ನೀವು ಕಳಿಸಿದ್ದೆಂದು ಅವನ ನಡಿಗೆಯಲ್ಲೇ ಗೊತ್ತಾಯಿತು. "ಅಕ್ಕಾ, ಭಾವ ಆ ಪೋಸ್ಟರಿನ ಕೆಳಗಿನ ಅರ್ಧ ಕೇಳಿದಾರೆ. ಮೇಲಿನ ಅರ್ಧ ಆ ಅಂಗಡಿಯವರಿಗೆ ಎಲ್ಲೋ ಸಿಕ್ಕಿದೆಯಂತೆ, ಎರಡೂ ಸೇರಿಸಿ ಪ್ರದರ್ಶನಕ್ಕಿಡ್ತಾರಂತೆ. ಕೊಟ್ಬಿಡು. ನಿನ್ನ ಹತ್ರ ಇರೋದ್ರಲ್ಲಿ ಬರೀ ಕಾಲುಗಳು ತಾನೇ?" ಎಂದ.

ಕಾಲುಗಳೇ, ನಿಜ. ಕುದುರೆಯ ಕಾಲು, ನಾಯಕನ ಬೂಟು, ನಾಯಕಿಯ ಬರಿಗಾಲು. ಆದರೆ ಅವು ಎಲ್ಲಿಂದ ಬಂದವು ಎಂಬುದು ನಿಮಗೆ ಮರೆತಿರಬಹುದು. ನನಗೆ ಮರೆವಿನ ಸೌಕರ್ಯವಿಲ್ಲ.

ನಾನಾಗ ಗ್ರಂಥಾಲಯದಲ್ಲಿ ಹೊಸಬಳು. ಗೋಡೆಗೆ ಸಿನಿಮಾ ಪೋಸ್ಟರ್ ಅಂಟಿಸುವವರ ಮೇಲೆ ನಗರಸಭೆಗೆ ದೂರು, ಪತ್ರಿಕೆಗೆ ಪತ್ರ, ಎಲ್ಲವೂ ನನ್ನ ಕೈಬರಹದಲ್ಲೇ ಹೋಗುತ್ತಿತ್ತು. ಒಂದು ಬೆಳಗ್ಗೆ ಬೀಗ ತೆಗೆಯಲು ಬಂದರೆ ಕಾಂಪೌಂಡಿನ ಬಳಿ ಬಕೆಟ್ಟು, ಸ್ಪಂಜು ಹಿಡಿದ ಗಂಡಸು. ಕೊನೆಗೂ ಸಿಕ್ಕಿಬಿದ್ದ ಎಂದು ಓಡಿಬಂದು ನಿಮ್ಮ ಕಾಲರಿಗೆ ಕೈ ಹಾಕಿದೆ. ನೋಡಿದರೆ ನೀವು ಅಂಟಿಸುತ್ತಿರಲಿಲ್ಲ, ಕೀಳುತ್ತಿದ್ದಿರಿ. "ಬೈಯೋದಾದ್ರೆ ಆಮೇಲೆ ಬೈರಿ ಮೇಡಂ. ಈಗ ಆ ತುದಿ ಸ್ವಲ್ಪ ಹಿಡ್ಕೊಳ್ಳಿ, ಹರಿದು ಹೋಗುತ್ತೆ" ಎಂದಿರಿ. ಹಿಡಿದೆ. ಮೇಲಿನ ಅರ್ಧ ಆಗಲೇ ಗಾಳಿಗೆ ಎಲ್ಲಿಗೋ ಹಾರಿಹೋಗಿತ್ತು. ಗೋಡೆಯಿಂದ ಕಿತ್ತವರಿಗೆ ಏನು ಶಿಕ್ಷೆ ಎಂದು ಯಾವ ನಿಯಮದಲ್ಲೂ ಸಿಗದೆ, ಪುಸ್ತಕ ತಡವಾಗಿ ಕೊಟ್ಟವರ ದಂಡವನ್ನೇ ನಿಮ್ಮಿಂದ ವಸೂಲಿ ಮಾಡಿದೆ. ದಂಡದ ಮೇಡಂ ಎಂಬ ಹೆಸರು ನನಗೆ ಬಂದದ್ದು ಹಾಗೆ.

ಮದುವೆಯಾದ ಹೊಸತರಲ್ಲಿ, ಈ ಬರಿಗಾಲಿನವಳ ಮುಖ ಹೇಗಿದ್ದೀತು ಎಂದು ನಿಮ್ಮನ್ನು ಕೇಳುತ್ತಿದ್ದೆ. "ಮುಖ ಇಲ್ದೇ ಇರೋದೇ ಒಳ್ಳೇದಾಯ್ತು ಕಣೇ. ನಿನ್ನ ಮುಖ ಇಟ್ಕೊಂಡು ನೋಡ್ತೀನಿ" ಎನ್ನುತ್ತಿದ್ದಿರಿ. ಬೆಣ್ಣೆ ಹಚ್ಚುತ್ತಿದ್ದೀರಿ ಎಂದು ಗೊತ್ತಿದ್ದೂ, ಇಷ್ಟು ವರ್ಷ ಆ ಕಾಲುಗಳ ಮೇಲೆ ನಾನೇ ನಿಂತಿದ್ದೆ. ಇವತ್ತು ಪತ್ರಿಕೆಯಲ್ಲಿ ಅವಳ ಮುಖ ಕಂಡಿತು. ದುಂಡು ಮುಖ, ಹುಬ್ಬು ತೀಡಿದ್ದು ಜಾಸ್ತಿಯಾಗಿದೆ. ಪರವಾಗಿಲ್ಲ ಎನ್ನಬಹುದು. ಅದನ್ನು ಹುಡುಕಿ ತಂದು ನಿಮ್ಮ ಕೈಗಿತ್ತವರು ಬೇರೊಬ್ಬರು ಎಂಬುದು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಹೊಟ್ಟೆಕಿಚ್ಚು ಎಂದು ನಗಬೇಡಿ. ಹೊಟ್ಟೆಕಿಚ್ಚಿಗೆ ಆಧಾರ ಬೇಕಿಲ್ಲ. ನನ್ನ ಬಳಿ ಆಧಾರವಿದೆ. ಹೋದ ತಿಂಗಳು ಆ ಬೀದಿಯಲ್ಲಿ ಹಾದುಹೋದೆ. ಬೇಕೆಂದು ಬಂದದ್ದಲ್ಲ, ಔಷಧದಂಗಡಿಗೆ ಹೊರಟಿದ್ದೆ. ನಮ್ಮ ಮನೆಯ ಪಕ್ಕದಲ್ಲೂ ಔಷಧದಂಗಡಿ ಇದೆ ಎಂದು ಜ್ಞಾಪಿಸಬೇಡಿ. ಕೆಳಗೆ ಆಕೆ ಮರದ ಪಟ್ಟಿಯ ಮೇಲಿನ ಹೊಟ್ಟನ್ನು ಊದುತ್ತ ಕೂತಿದ್ದರು. ಮೇಲೆ ನಿಮ್ಮ ಬಾಲ್ಕನಿಯಲ್ಲಿ ಎರಡು ಅಂಗಿ ಒಣಗುತ್ತಿದ್ದವು, ಎರಡಕ್ಕೂ ಕ್ಲಿಪ್ ಹಾಕಿತ್ತು. ನೀವು ಅಂಗಿ ಒಣಹಾಕುವುದು ಹಗ್ಗಕ್ಕೆ ಎಸೆದು. ಕ್ಲಿಪ್ಪಿನ ಬುದ್ಧಿ ಯಾರದ್ದು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಔಷಧ ಕೊಳ್ಳುವುದು ಮರೆತೇಹೋಯಿತು.

ಇದನ್ನೆಲ್ಲ ನುಂಗಿಕೊಂಡೇನು. ತಮ್ಮ ಹೊರಡುವಾಗ ಚಪ್ಪಲಿ ಮೆಟ್ಟುತ್ತ ಹೇಳಿದ್ದನ್ನು ನುಂಗಲಾರೆ. "ನಿನ್ನ ಹತ್ರ ಇರೋದ್ರ ಮೇಲ್ಗಡೆ ಒಂದು ಬಿಳಿ ಪಟ್ಟಿ ಇದೆಯಂತಲ್ಲಕ್ಕಾ, ಅದನ್ನ ಕತ್ತರಿಸಿ ಎರಡನ್ನೂ ಅಂಚಿಗಂಚು ಕೂರಿಸ್ತಾರಂತೆ. ನೀಟಾಗಿರುತ್ತಂತೆ. ಭಾವನೂ ಹ್ಞೂಂ ಅಂದ್ರು."

ಹ್ಞೂಂ ಅಂದಿರಾ? ದೊಡ್ಡ ಪೋಸ್ಟರನ್ನು ಎರಡು ಹಾಳೆಯಲ್ಲಿ ಅಚ್ಚು ಹಾಕುತ್ತಾರೆ, ಮೊದಲು ಕೆಳಗಿನದನ್ನು ಅಂಟಿಸಿ ಅದರ ನೆತ್ತಿಯ ಬಿಳಿ ಪಟ್ಟಿಯ ಮೇಲೆ ಮೇಲಿನದರ ಅಂಚನ್ನು ಹೊದಿಸುತ್ತಾರೆ, ಹೆಂಚಿನ ಮೇಲೆ ಹೆಂಚು ಬಂದ ಹಾಗೆ, ಮಳೆನೀರು ಒಳಗಿಳಿಯದಿರಲಿ ಎಂದು. ಇದನ್ನು ನನಗೆ ಹೇಳಿಕೊಟ್ಟವರು ಯಾರು? ಆ ಪಟ್ಟಿ ಖಾಲಿ ಕಾಗದವಲ್ಲ, ಮೇಲಿನದು ಬಂದು ಕೂರಲೆಂದು ಕೆಳಗಿನದು ಕಾದಿಟ್ಟ ಜಾಗ. ಕತ್ತರಿಸಿದರೆ ಎರಡೂ ಪಕ್ಕಪಕ್ಕ ಇರುತ್ತವೆ, ಸೇರುವುದಿಲ್ಲ. ನಡುವೆ ಗೀರು ಎದ್ದು ಕಾಣುತ್ತದೆ. ಆಕೆಗೆ ಅಂಚು ನೇರವಾಗಿದ್ದರೆ ಸಾಕು, ಚೌಕಟ್ಟು ಹಾಕುವವರ ದೃಷ್ಟಿ ಅದು, ತಪ್ಪೆನ್ನಲಾರೆ. ತಲೆಯಾಡಿಸಿದ ನಿಮ್ಮನ್ನು ಕಂಡರೆ ಉರಿಯುತ್ತದೆ.

ಜಗಳದ ದಿನ ನಾನು ಹೇಳಿದ್ದು, ಪೋಸ್ಟರುಗಳು ಊಟದ ಮೇಜಿನಿಂದ ಹೊರಗೆ ಹೋಗಲಿ ಎಂದು. ನೀವು ಅವುಗಳ ಜೊತೆಗೇ ಹೊರಟಿರಿ. ಹಳೆಯವಾದರೆ ನಾನು ಸಹಿಸುತ್ತಿದ್ದೆ. ಕಲಾವಿದನ ಕುಂಚ ಕಾಣುತ್ತದೆ. ನೀವು ಈಗಿನವನ್ನೂ ಹೊತ್ತು ತರುತ್ತಿದ್ದಿರಿ. ಎಲ್ಲದರಲ್ಲೂ ನಾಯಕ ನಮಗೆ ಬೆನ್ನು ಹಾಕಿ ಹೊಗೆಯೊಳಗೆ ನಡೆದುಹೋಗುವುದು. "ಇವತ್ತಿಂದೂ ಒಂದಿನ ಹಳೇದಾಗುತ್ತೆ ಕಣೇ" ಎಂಬ ಸಮರ್ಥನೆ ಬೇರೆ. ಹೊರಟ ದಿನ ನೀವೂ ಹಾಗೇ ಬೆನ್ನು ಹಾಕಿ ನಡೆದಿರಿ, ಹೊಗೆಯೊಂದು ಇರಲಿಲ್ಲ. ಪೋಸ್ಟರು ಸುತ್ತಿಟ್ಟ ಕೊಳವೆಗಳನ್ನೆಲ್ಲ ಹೊತ್ತಿರಿ, ಈ ಕೆಳಗಿನ ಅರ್ಧ ಇದ್ದ ಕೊಳವೆಯೊಂದನ್ನು ಬಿಟ್ಟಿರಿ. ಮರೆತು ಬಿಟ್ಟಿರೋ, ಬೇಕೆಂದೇ ಬಿಟ್ಟಿರೋ, ನಾನು ಕೇಳಲು ಹೋಗಲಿಲ್ಲ.

ನಿಮ್ಮ ಕೋಣೆಯನ್ನು ಗುಡಿಸಿ ತೊಳೆಸಿದ್ದೇನೆ. ಈಗ ಅಲ್ಲಿ ನನ್ನ ಓದುವ ಕುರ್ಚಿ, ನನ್ನ ದಪ್ಪ ನಿಘಂಟು, ಒಳ್ಳೆಯ ಗಾಳಿ. ಆ ಅರ್ಧವೊಂದನ್ನು ಬಿಟ್ಟರೆ ಈ ಮನೆಯಲ್ಲಿ ಒಂದೇ ಒಂದು ಪೋಸ್ಟರ್ ಇಲ್ಲ. ಬಹಳ ಆರಾಮವಾಗಿದ್ದೇನೆ.

ನನ್ನ ತೀರ್ಮಾನ ಇಷ್ಟು. ಅದನ್ನು ತಮ್ಮನ ಕೈಗೆ ಕೊಡುವುದಿಲ್ಲ, ಅಂಚೆಗೂ ಹಾಕುವುದಿಲ್ಲ. ಬೇಕಿದ್ದರೆ ಮೇಲಿನ ಅರ್ಧವನ್ನು ಹೊತ್ತು ನೀವೇ ಬನ್ನಿ. ಊಟದ ಮೇಜಿನ ಮೇಲೆ ಬಟ್ಟೆ ಹಾಸಿರುತ್ತೇನೆ, ಹಿಟ್ಟಿನ ಅಂಟನ್ನು ಗಂಟಿಲ್ಲದೆ ಕಾಯಿಸಿರುತ್ತೇನೆ. ಕೆಳಗಿನದನ್ನು ನಾನು ಹಿಡಿಯುತ್ತೇನೆ, ಮೇಲಿನದನ್ನು ನೀವು ಕೂರಿಸಿ, ಪಟ್ಟಿಯ ಮೇಲೆ. ಒಣಗಲು ಮರುದಿನದವರೆಗೆ ಬೇಕು, ಅಲ್ಲಿಯತನಕ ಕದಲಿಸುವಂತಿಲ್ಲ. ಅದೂ ನೀವೇ ಕಲಿಸಿದ್ದು. ಆಮೇಲೆ ಚೌಕಟ್ಟನ್ನು ಆಕೆಯೇ ಹಾಕಲಿ, ಆಕೆಯ ಕಸುಬು ಚೊಕ್ಕವಾಗಿದೆ ಎಂದು ಕೇಳಿದ್ದೇನೆ. ಪತ್ರಿಕೆಯವರು ಮತ್ತೆ ಬಂದರೆ ಆಕೆ ಚೌಕಟ್ಟಿನ ಪಕ್ಕ ನಿಲ್ಲಲಿ. ತುದಿ ಹಿಡಿಯಲು ಈ ಮನೆಯಲ್ಲಿ ಜನವಿದೆ.

ಇಂತಿ,
ಅಂದು ಆ ತುದಿ ಹಿಡಿದವಳು,
ದಂಡದ ಮೇಡಂ

ವಿ.ಸೂ.: ಬರುವಾಗ ಖಾಲಿ ಕೊಳವೆಗಳನ್ನು ತನ್ನಿ, ಹೆಚ್ಚಾಗಿಯೇ ತನ್ನಿ. ವಾರವಾರ ಇಳಿಸಿದ ಪೋಸ್ಟರುಗಳನ್ನು ನಿಮಗೆಂದು ಎತ್ತಿಡುತ್ತಿದ್ದ ಚಿತ್ರಮಂದಿರದ ಕಾವಲುಗಾರ, ನೀವು ಬರುವುದು ನಿಂತ ಮೇಲೆ ರದ್ದಿಗೆ ಹಾಕಲು ಹೊರಟಿದ್ದ. ನಾನೇ ಹೋಗಿ ತರುತ್ತಿದ್ದೇನೆ. ನೀವು ಹೊರಟ ವಾರದಿಂದ ಒಂದೂ ತಪ್ಪಿಲ್ಲ. ಓದುವ ಕುರ್ಚಿ ಎಲ್ಲಿ ಎಂದು ಬಂದಮೇಲೆ ಕೇಳಬೇಡಿ, ಅದರ ಮೇಲೂ ಅವೇ ಇವೆ. ಒಬ್ಬಳೇ ಸುತ್ತುವಾಗ ಇನ್ನೊಂದು ತುದಿಗೆ ನಿಘಂಟು ಇಡುತ್ತೇನೆ. ಭಾರ ಸಾಲುತ್ತದೆ. ಆದರೆ "ಈಗ ಮೆಲ್ಲಗೆ ಬಿಡು" ಎಂದರೆ ಅದಕ್ಕೆ ತಿಳಿಯುವುದಿಲ್ಲ.