ಹಸಿರು ಟಿಕೆಟಿನ ಸೋಮವಾರ

ಪ್ರೀತಿಯ ಅವ್ವಾ,

ನಾಶಿಕದ ಸಿಟಿ ಬಸ್ಸಿನಲ್ಲಿ ಈಗ ಕಂಡಕ್ಟರನ ಕೈಯಲ್ಲೊಂದು ಪುಟ್ಟ ಯಂತ್ರ. ಎಲ್ಲಿಗೆ ಹೋದರೂ ಅದೇ ಬಿಳಿ ಚೀಟಿ. ನೀನಿದ್ದಿದ್ದರೆ ಜಗಳ ತೆಗೆಯುತ್ತಿದ್ದೆ, ಬಣ್ಣವೇ ಇಲ್ಲದಿದ್ದರೆ ಊರು ತಿಳಿಯೋದು ಹೇಗೆ ಅಂತ. ನಿನ್ನೆ ಆ ಚೀಟಿ ಹಿಡಿದು ಕೂತಾಗ, ನಿನಗೆ ಹೇಳದೇ ಉಳಿಸಿಕೊಂಡ ಮಾತೊಂದು ಬಾಯಿತನಕ ಬಂತು.

ಅಪ್ಪನ ಬ್ಯಾಂಕಿನ ವರ್ಗಾವಣೆಯ ಹಿಂದೆ ಜೇವರ್ಗಿ ಬಿಟ್ಟು ನಾಶಿಕ್ ರೋಡಿಗೆ ಬಂದಾಗ ನಿನಗೆ ಮರಾಠಿ ಓದಲೂ ಬಾರದು, ಆಡಲೂ ಬಾರದು. ಆದರೂ ಊರೆಲ್ಲ ತಿರುಗಿದೆ. ದರಕ್ಕೊಂದು ಬಣ್ಣದ ಟಿಕೆಟು ಇದ್ದ ಕಾಲ ಅದು. ಶಾಲಿಮಾರದ ಬಜಾರಿಗೆ ಗುಲಾಬಿ, ಪಂಚವಟಿಯ ಶಿವನ ಗುಡಿಗೆ ಹಸಿರು. ಸೆರಗಿನ ಗಂಟು ಬಿಚ್ಚಿ ನೀನು ಹಳೆಯ ಟಿಕೆಟೊಂದನ್ನು ತೋರಿಸುವುದು, ಕಂಡಕ್ಟರ್ ತಗಡಿನ ಪೆಟ್ಟಿಗೆಯಿಂದ ಅಂಥದ್ದೇ ಹರಿದು, ತೂತು ಹೊಡೆದು ಕೊಡುವುದು. ಅಪ್ಪ ನಗುತ್ತಿದ್ದರು, ನಾನೂ ನಗುತ್ತಿದ್ದೆ. ನಿನ್ನಷ್ಟು ಧೈರ್ಯ ನಮಗಿಬ್ಬರಿಗೂ ಎಲ್ಲಿತ್ತು?

ದರ ಏರಿದ ವಾರದ ಆ ಸೋಮವಾರ ನೆನಪಿದೆಯಾ? ಬಣ್ಣ ಅದೇ ಇತ್ತು, ಅದು ಹೋಗುವ ದೂರ ಕಡಿಮೆಯಾಗಿತ್ತು. ನಿನಗೆ ಯಾರು ಹೇಳಬೇಕು? ಹೋಗುವಾಗ ಹೇಗೋ ಪಾರಾಗಿದ್ದೆ. ಗುಡಿಯಿಂದ ಮರಳುವಾಗಲೂ ಹಸಿರು ತೋರಿಸಿದೆ, ಕಂಡಕ್ಟರ್ ಹಸಿರೇ ಕೊಟ್ಟ. ನಡುದಾರಿಯ ದ್ವಾರಕಾ ಸ್ಟಾಪಿನಲ್ಲಿ ಚೆಕಿಂಗಿನವನು ಹತ್ತಿದ. ಈ ಟಿಕೆಟು ಇಲ್ಲಿಗೇ ಮುಗಿಯಿತು, ಉಳಿದ ದುಡ್ಡು ಕೊಡು, ಇಲ್ಲವೇ ಇಳಿ ಎಂದು ಮರಾಠಿಯಲ್ಲಿ ಗದರಿದ. ನಿನ್ನ ಗಂಟಿನಲ್ಲಿ ಬೇರೆ ಕಾಸಿರಲಿಲ್ಲ.

"ವಾರಾ ವಾರಾ ಇದೇ ಬಣ್ಣದ ಮ್ಯಾಲ ಬರ್ಲಾಕತ್ತೀನ್ರಿ. ನಾ ಕಳ್ಳಿ ಅಲ್ರಿ," ಅಂದೆ. ಅವನಿಗೆ ತಿಳಿಯಲಿಲ್ಲ. ಬಸ್ಸಿನಲ್ಲಿ ಕೆಲವರು ನಕ್ಕರು. ನೀನು ಇಳಿದೆ.

ಬಿಸಿಲಲ್ಲಿ ನಡೆದು ನೀನು ಮನೆ ಮುಟ್ಟುವಷ್ಟರಲ್ಲಿ ನಾನು ಕಾಲೇಜಿನಿಂದ ಬಂದು ಮುಖ ತೊಳೆದಿದ್ದೆ. ನೀರು ಕೊಟ್ಟೆ. ನಡೆದದ್ದನ್ನೆಲ್ಲ ನೀನು ಸಿಟ್ಟಿಲ್ಲದೆ ಹೇಳಿದೆ. ಕಾಲು ನೀವಿಕೊಳ್ಳುತ್ತ, "ಒಬ್ಬರರೆ ನಮ್ಮ ಮಾತು ಬಲ್ಲವರು ಇದ್ದಿದ್ರ, ನನ್ನ ಪರ ನಿಂದರ್ತಿದ್ರು" ಅಂದೆ.

ಎದ್ದು ನಿಂತು ಒಂದೇ ಒಂದು ಮಾತು ಆಡಿದ್ದರೆ...

ಇದ್ದರು ಅವ್ವಾ, ಬಲ್ಲವರು ಇದ್ದರು. ಮುಂದಿನ ಸೀಟಿನಲ್ಲಿ, ಗೆಳತಿಯರ ನಡುವೆ, ನಿನಗೆ ಕಾಣದ ಹಾಗೆ ನಾನಿದ್ದೆ. ನೀನು ಇಳಿದ ಮೇಲೆ ಅವರು ನನ್ನನ್ನು ಕೇಳಿದರು, ಆ ಹೆಂಗಸು ಯಾವ ಭಾಷೆ ಆಡುತ್ತಿದ್ದಳು ಅಂತ.

ಗೊತ್ತಿಲ್ಲ ಅಂದೆ.