ತನ್ನದೇ ಪ್ರಬಂಧ ಕದ್ದವಳ ಪರವಾಗಿ ಕುಲಸಚಿವರಿಗೆ

ಮಾನ್ಯ ಕುಲಸಚಿವರೇ,

ತಾನೇ ಬರೆದ ಪ್ರಬಂಧವನ್ನು ತಾನೇ ಕದ್ದಳೆಂಬ ಆರೋಪದ ಮೇಲೆ ನಿಮ್ಮ ಕಚೇರಿ ನನ್ನ ವಿದ್ಯಾರ್ಥಿನಿಯೊಬ್ಬಳನ್ನು ಒಂದು ವರ್ಷ ಅಮಾನತಿನಲ್ಲಿ ಇಟ್ಟಿದೆ. ಆಕೆಯ ಹೆಸರು ಕುನಿಹಿರ. ಜಿಲ್ಲೆಯಿಂದ ಬರುವ ವಿದ್ಯಾರ್ಥಿವೇತನದಲ್ಲಿ ಓದುತ್ತಿದ್ದವಳು. ನಡುವೆ ವರ್ಷ ಬಿಟ್ಟವರಿಗೆ ಆ ವೇತನ ಮುಂದುವರಿಯುವುದಿಲ್ಲ ಎಂಬುದು ನಿಮಗೆ ಗೊತ್ತಿದೆ. ಹಾಗಾಗಿ ನೀವು ಕೊಟ್ಟಿರುವುದು ಒಂದು ವರ್ಷದ ಶಿಕ್ಷೆಯಲ್ಲ, ಓದಿಗೇ ಮುಕ್ತಾಯ. ನಿಮ್ಮ ಕಚೇರಿಗೆ ಮನವಿ ಕೊಟ್ಟೆ. ಸ್ವೀಕರಿಸಲಾಗಿದೆ ಎಂಬ ಮೊಹರು ಬಿತ್ತು, ಉತ್ತರ ಬರಲಿಲ್ಲ. ಪತ್ರಿಕೆಯಲ್ಲಿ ಬಂದರೆ ನಿಮ್ಮ ಮೇಜಿನ ಮೇಲೆ ಬೆಳಗಿನ ಚಹಾದ ಜೊತೆಗಾದರೂ ಇರುತ್ತದೆ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ವರ್ಷದವರಿಗೆ ಶೈಕ್ಷಣಿಕ ಬರವಣಿಗೆ ಕಲಿಸುವುದು ನನ್ನ ಕೆಲಸ. ನಮ್ಮಲ್ಲಿಗೆ ಬರುವ ಮಕ್ಕಳು ಶಾಲೆಯುದ್ದಕ್ಕೂ ಕರಿಹಲಗೆಯ ಮೇಲಿದ್ದುದನ್ನು ಬರೆದುಕೊಂಡು, ಅದನ್ನೇ ಪರೀಕ್ಷೆಯಲ್ಲಿ ಹಾಗೆಯೇ ಇಳಿಸಿ, ಅದಕ್ಕಾಗಿ ಚಪ್ಪಾಳೆ ಗಿಟ್ಟಿಸಿಕೊಂಡು ಬಂದವರು. ಅಂಥವರಿಗೆ, ಮೊದಲು ಬರೆದದ್ದು ಬರೀ ಕರಡು, ಅದನ್ನು ಓದಿ ನೋಡಬೇಕು, ಅನುಮಾನಿಸಬೇಕು, ಹೊಡೆದುಹಾಕಿ ಮತ್ತೆ ಬರೆಯಬೇಕು ಎಂದು ಹೇಳುವುದು ಸುಲಭವಲ್ಲ. ತಿದ್ದುವುದೆಂದರೆ ತಪ್ಪು ಮಾಡಿದ್ದೇವೆಂದು ಒಪ್ಪಿಕೊಂಡಂತೆ ಎಂದು ಅವರು ನಾಚುತ್ತಾರೆ. ಆ ನಾಚಿಕೆ ಬಿಡಿಸುವುದೇ ಅರ್ಧ ಪಾಠ. ಆದ್ದರಿಂದಲೇ ನಮ್ಮ ಪಠ್ಯಕ್ರಮದಲ್ಲಿ ಪ್ರತಿ ಪ್ರಬಂಧಕ್ಕೂ ಮೂರು ಕರಡು ಕಡ್ಡಾಯ. ಆ ಪಠ್ಯಕ್ರಮದ ಕೊನೆಯ ಪುಟದಲ್ಲಿರುವ ಸಹಿ ತಮ್ಮದು.

ಕುನಿಹಿರ ಆರಿಸಿಕೊಂಡ ವಿಷಯ ಅವಳ ಊರಿನದು. ಊರಿಗೆ ಹೊಸ ನಲ್ಲಿ ಬಂದ ಮೇಲೂ ಹೆಂಗಸರು ಗುಡ್ಡ ಇಳಿದು ಕೆರೆಯಿಂದಲೇ ಏಕೆ ನೀರು ತರುತ್ತಾರೆ? ಮೊದಲ ಕರಡು 'ಅನಾದಿ ಕಾಲದಿಂದಲೂ ನೀರು ಮಾನವಕುಲದ ಜೀವಾಳವಾಗಿದೆ' ಎಂದು ಶುರುವಾಗಿತ್ತು. ತರಗತಿಯ ಬಹುಪಾಲು ಪ್ರಬಂಧಗಳು ಅನಾದಿ ಕಾಲದಿಂದಲೇ ಹೊರಟಿದ್ದವು, ಅದು ಬೇರೆ ಮಾತು. ನಂತರ ಊರಿನ ದಾರಿ, ಜೆರಿಕ್ಯಾನುಗಳು, ನಲ್ಲಿ ಹಾಕಿಸಿದ ಯೋಜನೆ ಎಲ್ಲವನ್ನೂ ಚೆನ್ನಾಗಿಯೇ ವರ್ಣಿಸಿ, ಕೊನೆಯಲ್ಲಿ 'ಹೆಂಗಸರಿಗೆ ತಿಳುವಳಿಕೆ ಸಾಲದು' ಎಂದು ತೀರ್ಮಾನಿಸಿದ್ದಳು. ಯಾರನ್ನು ಕೇಳಿ ಬರೆದೆ ಎಂದು ಅಂಚಿನಲ್ಲಿ ಬರೆದು ವಾಪಸು ಕೊಟ್ಟೆ. ವಾರಾಂತ್ಯಕ್ಕೆ ಊರಿಗೆ ಹೋದವಳು ಸೋದರತ್ತೆಯ ಬಳಿ ಆ ತೀರ್ಮಾನವನ್ನು ಓದಿ ಹೇಳಿದಳಂತೆ. ಅತ್ತೆ ಬಾಳೆಕಾಯಿ ಸುಲಿಯುವುದನ್ನು ನಿಲ್ಲಿಸದೆ ಅಂದದ್ದನ್ನು ಅವಳೇ ನನಗೆ ಹೇಳಿದ್ದು: "ತಿಳುವಳಿಕೆ ಇಲ್ಲದೋರು ಕಷ್ಟಪಟ್ಟು ನಿನ್ನ ಯೂನಿವರ್ಸಿಟಿಗೆ ಕಳಿಸಿದ್ವಿ ನೋಡು. ಆ ನಲ್ಲಿ ಹಾಕಿರೋದು ಎಲ್ಲಿ? ಹೆಂಡದ ಅಂಗಡಿ ಎದುರಿಗೆ. ಬಗ್ಗಿ ನೀರು ಹಿಡಿಯೋವಾಗ ಹಿಂದಿನಿಂದ ಮಾತಾಡ್ತಾರಲ್ಲ, ಅದನ್ನ ನೀನು ಕೇಳಿಸ್ಕೊಂಡು ಬಾ ಒಂದ್ಸಲ."

ಎರಡನೆಯ ಕರಡಿನಲ್ಲಿ ಅತ್ತೆ ಬಂದಳು, ಜೊತೆಗೆ ಇನ್ನೂ ನಾಲ್ಕಾರು ಹೆಂಗಸರು ಬಂದರು. ಮೂರನೆಯದರಲ್ಲಿ ಅನಾದಿ ಕಾಲ ಹೋಯಿತು, 'ತಿಳುವಳಿಕೆ ಸಾಲದು' ಎಂಬುದೂ ಹೋಯಿತು. ನಲ್ಲಿಯ ಜಾಗ ನಿಶ್ಚಯಿಸಿದ ಸಭೆಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ ಎಂಬುದು ಮುಂದಕ್ಕೆ ಬಂತು. ಊರಿನ ವರ್ಣನೆಯ ನಡುವಿನ ಪುಟಗಳು ಮಾತ್ರ ಹಾಗೇ ಉಳಿದವು, ಉಳಿಯಬೇಕಾದವೇ ಆಗಿದ್ದವು. ಕುಲಸಚಿವರೇ, ವಿಶ್ವವಿದ್ಯಾಲಯ ಎಂಬುದು ಯಾಕಿದೆ ಎಂದು ನನ್ನನ್ನು ಯಾರಾದರೂ ಕೇಳಿದರೆ ನಾನು ತೋರಿಸುವುದು ಒಬ್ಬ ವಿದ್ಯಾರ್ಥಿಯ ಮೊದಲ ಕರಡಿಗೂ ಮೂರನೆಯದಕ್ಕೂ ನಡುವಿನ ಆ ದೂರವನ್ನೇ.

ಈಗ ತಮ್ಮ ಯಂತ್ರದ ವಿಷಯಕ್ಕೆ ಬರೋಣ. ಕೃತಿಚೌರ್ಯ ಹಿಡಿಯಲು ಕಳೆದ ವರ್ಷ ತಂದ ತಂತ್ರಾಂಶ ಅದು. ವಿದ್ಯಾರ್ಥಿ ಹಾಕಿದ ಬರಹವನ್ನು ಹಿಂದೆ ಯಾರ್‍ಯಾರೋ ಹಾಕಿದ ಬರಹಗಳ ಜೊತೆ ಹೋಲಿಸಿ ಶೇಕಡಾ ಲೆಕ್ಕ ಹೇಳುತ್ತದೆ. ಕರಡುಗಳನ್ನೂ ಅದಕ್ಕೇ ಉಣಿಸಬೇಕೆಂದು ಸುತ್ತೋಲೆ ಬಂತು. ನಮ್ಮ ಮಕ್ಕಳು ಕಂಪ್ಯೂಟರಿಗೆ ಏನನ್ನಾದರೂ ಹಾಕುವುದು ಹೇಗೆ ಎಂದು ಸುತ್ತೋಲೆ ಬರೆದವರು ಒಮ್ಮೆ ಗೇಟಿನವರೆಗೆ ನಡೆದು ಬಂದಿದ್ದರೆ ಕಾಣುತ್ತಿತ್ತು. ಪ್ರಯೋಗಾಲಯದ ಅಂತರ್ಜಾಲ ಇದ್ದರೆ ವಿದ್ಯುತ್ತಿಲ್ಲ, ವಿದ್ಯುತ್ತಿದ್ದರೆ ಬೀಗದ ಕೈ ಇರುವವರಿಲ್ಲ. ಆದ್ದರಿಂದ ಯಾವ ವಿಭಾಗದಲ್ಲಾದರೂ ಸರಿ, ಎಲ್ಲರ ಬರಹವನ್ನೂ ತರಗತಿಯ ಪ್ರತಿನಿಧಿ ಒಂದು ಪೆನ್‌ಡ್ರೈವಿನಲ್ಲಿ ಒಟ್ಟು ಮಾಡಿಕೊಂಡು, ಗೇಟಿನೆದುರಿನ ಟೈಪಿಂಗ್ ಅಂಗಡಿಗೆ ಹೋಗಿ, ತನ್ನ ಖಾತೆಯಿಂದಲೇ ಕಳಿಸುತ್ತಾನೆ. ಇದು ಇಲ್ಲಿನ ರೂಢಿ. ತಮ್ಮ ಕಚೇರಿಯ ನಮೂನೆಗಳನ್ನೂ ಹೀಗೇ ತುಂಬಿಸಿಕೊಳ್ಳುತ್ತೀರಿ. ನಮ್ಮ ತರಗತಿಯ ಪ್ರತಿನಿಧಿ ರುಸೋಕೆ ಎಂಬ ಹುಡುಗ. ಮೊದಲಿನ ಕರಡುಗಳನ್ನೆಲ್ಲ ಅವನು ಹೀಗೇ ಕಳಿಸಿದ. ಮೂರನೆಯ ಕರಡಿನ ಹೊತ್ತಿಗೆ, ಇನ್ನು ಮುಂದೆ ಪ್ರತಿಯೊಬ್ಬರೂ ಸ್ವಂತ ಖಾತೆಯಿಂದಲೇ ಕಳಿಸತಕ್ಕದ್ದು ಎಂದು ತಮ್ಮ ಎರಡನೆಯ ಸುತ್ತೋಲೆ ಬಂತು. ಮಕ್ಕಳು ಆಜ್ಞೆ ಪಾಲಿಸಿದರು. ಯಂತ್ರವೂ ಪಾಲಿಸಿತು: ಕರಡು ತಿದ್ದಿ ಕಳಿಸಿದವರೆಲ್ಲ ರುಸೋಕೆಯಿಂದ ಕದ್ದಿದ್ದಾರೆ ಎಂದು ವರದಿ ಕೊಟ್ಟಿತು.

ತಮ್ಮ ಶಿಸ್ತು ಸಮಿತಿ ನಂಬಿದ್ದೇನು ಎಂಬುದನ್ನು ಓದುಗರು ಸಾವಧಾನವಾಗಿ ಕೇಳಬೇಕು. ಇಪ್ಪತ್ತು ದಾಟದ ಒಬ್ಬ ಹುಡುಗ ನೀರು, ಚಹಾ ತೋಟ, ಬಾಡಿಗೆ ಬೈಕು ಓಡಿಸುವ ಬೋಡಾ ಸವಾರರು, ಮದುವೆಯ ಮಾತುಕತೆ, ಮಲೇರಿಯಾ, ಫುಟ್‌ಬಾಲು, ಇನ್ನೂ ಹತ್ತಾರು ವಿಷಯಗಳ ಮೇಲೆ ಒಂದೇ ಮಧ್ಯಾಹ್ನ ಪ್ರಬಂಧ ಬರೆದು ಮುಗಿಸಿದ. ತರಗತಿಯ ಬಹುಪಾಲು ಮಂದಿ ಒಬ್ಬೊಬ್ಬರು ಒಂದೊಂದನ್ನು ಎತ್ತಿಕೊಂಡು ಹೋದರು. ಅಂಥ ಮಹಾಲೇಖಕನಿಗೆ ಸನ್ಮಾನ ಮಾಡುವುದು ಬಿಟ್ಟು ಅವನಿಗೂ ನೋಟೀಸು ಕೊಟ್ಟಿರಿ, ಬರಹ ಹಂಚಿದ್ದಕ್ಕಾಗಿ.

ಕರಡಿನ ಮೇಲೆ ಹೆಸರಿರಲಿಲ್ಲವೇ ಎಂದು ಕೇಳಬಹುದು. ಇತ್ತು. ಆದರೆ ಅದು ದಾಖಲಾತಿಯ ಹೆಸರಲ್ಲ, ಎಂಪಾಕೊ. ಈ ಟೋರೊ ಸೀಮೆಯಲ್ಲಿ ಮಗುವಿಗೆ ಹೆಸರಿನ ಜೊತೆಗೆ ಪ್ರೀತಿಯ, ಗೌರವದ ಕರೆಹೆಸರೊಂದನ್ನು ಇಡುತ್ತಾರೆ. ಹತ್ತಿರದವರನ್ನು ಬರೀ ಹೆಸರಿನಿಂದ ಕರೆಯುವುದು ಒರಟುತನ. ನನ್ನನ್ನು ಮಕ್ಕಳು ಅಮೂಟಿ ಎನ್ನುತ್ತಾರೆ. ತಾವು ಹೊರಗಿನಿಂದ ಬಂದವರಾದರೂ ತಮಗೂ ಸ್ವಾಗತದ ದಿನ ಒಂದನ್ನು ಕೊಟ್ಟಿದ್ದೇವೆ. ಅದರಿಂದ ಕರೆದಾಗ ತಾವು ನಗುತ್ತೀರಿ. ತೊಂದರೆಯೆಂದರೆ ಇಡೀ ಸೀಮೆಗೆ ಇರುವುದು ಹನ್ನೆರಡೋ ಹದಿಮೂರೋ ಎಂಪಾಕೊಗಳು. ಕರಡು ತಾನೇ, ಮನೆಯೊಳಗಿನ ಮಾತು ಎಂದುಕೊಂಡ ಮಕ್ಕಳು ಅಕೀಕಿ, ಅಡ್ಯೇರಿ, ಅಟ್ವೋಕಿ ಎಂದಷ್ಟೇ ಬರೆದು ಕೊಟ್ಟಿದ್ದರು. ಕುನಿಹಿರ ಬರೆದದ್ದು ಅಬ್ವೋಲಿ ಎಂದು.

ವಿಚಾರಣೆಯ ದಿನ ಸಾಕ್ಷಿ ಹೇಳಲು ನಾನು ಹೋಗಿದ್ದೆ. ಮೂರೂ ಕರಡುಗಳನ್ನು ಓದಿ ತಿದ್ದಿದವಳು ನಾನೇ ಎಂದೆ. ಅಧ್ಯಾಪಕಿ ಹಿತಾಸಕ್ತಿ ಉಳ್ಳವಳು, ಒಳಗೆ ಬರುವಂತಿಲ್ಲ ಎಂದು ಬಾಗಿಲಲ್ಲೇ ತಡೆದರು. ನಿಜ, ನನ್ನ ವಿದ್ಯಾರ್ಥಿಗಳು ಬರೆಯಲು ಕಲಿಯಬೇಕೆಂಬ ಹಿತಾಸಕ್ತಿ ನನಗಿದೆ. ಒಳಗೆ ನಡೆದದ್ದನ್ನು ಕುನಿಹಿರ ಹೊರಗೆ ಬಂದು ಹೇಳಿದಳು. ಅಬ್ವೋಲಿ ಅಂದರೆ ನಾನೇ ಎಂದು ಇವಳು ಹೇಳಿದಾಗ ಅಧ್ಯಕ್ಷರು, "ಈ ಕ್ಯಾಂಪಸ್ಸಲ್ಲಿ ಅಬ್ವೋಲಿಗಳಿಗೇನು ಬರವಾ? ನಮ್ಮ ಮನೇಲೇ ಇಬ್ಬರಿದ್ದಾರೆ" ಎಂದರಂತೆ. ಮುಂದಿನದು ಹೀಗೆ:

"ಸರಿ, ಇದು ನಿಂದೇ ಆಗಿದ್ರೆ ಆ ಹುಡುಗನ ಹತ್ರ ಹೇಗೆ ಹೋಯ್ತು?"

"ನಾನೇ ಕೊಟ್ಟೆ, ಸರ್."

"ಬರ್ಕೊಳ್ಳಿ. ಕೊಟ್ಟಿದ್ದು ನಿಜ ಅಂತ ಒಪ್ಕೊಂಡ್ಳು."

ಆಮೇಲೆ ಸಮಿತಿ ದಯೆ ತೋರಿಸಿತು. ತಪ್ಪೊಪ್ಪಿಗೆಗೆ ಸಹಿ ಹಾಕಿದವರಿಗೆ ಆ ಪ್ರಬಂಧದ ಅಂಕ ಮಾತ್ರ ಸೊನ್ನೆ. ಹಾಕದವರಿಗೆ ಒಂದು ವರ್ಷ ಅಮಾನತು. ಒಬ್ಬಳನ್ನು ಬಿಟ್ಟು ಎಲ್ಲರೂ ಹಾಕಿದರು. ಅವರನ್ನು ನಾನು ದೂರುವುದಿಲ್ಲ, ಹಿಂದೆ ಮನೆಗಳಿವೆ, ಮುಂದೆ ಪರೀಕ್ಷೆಯಿದೆ. ರುಸೋಕೆ ನನ್ನ ಕೋಣೆಗೆ ಬಂದು ತಲೆ ತಗ್ಗಿಸಿ ನಿಂತ. "ಅಷ್ಟೂ ಪ್ರಬಂಧ ನಾನೇ ಬರ್ದಿದ್ದು ಅಂತ ಸಹಿ ಹಾಕ್ಬಿಟ್ಟೆ, ಅಮೂಟಿ ಮೇಡಂ. ನಮ್ಮಪ್ಪಂಗೆ ಗೊತ್ತಾದ್ರೆ ಮೊದಲನೇ ಸಲ ನನ್ನ ಹೊಗಳ್ತಾರೆ," ಎಂದ. ನಗಿಸಲು ಹೇಳಿದ್ದು, ಇಬ್ಬರಿಗೂ ನಗು ಬರಲಿಲ್ಲ.

ಸಹಿ ಹಾಕದೆ ಉಳಿದವಳು ಕುನಿಹಿರ ಒಬ್ಬಳೇ. ಹಾಕಿಬಿಡು, ವಿದ್ಯಾರ್ಥಿವೇತನ ಉಳಿಯುತ್ತದೆ ಎಂದು ನಾನೇ ಹೇಳಿದೆ. ಅವಳು ಹೇಳಿದ್ದು ಇಷ್ಟು: "ಇದು ನಂದಲ್ಲ ಅಂತ ನನ್ನ ಕೈಯಿಂದ್ಲೇ ಬರೀಬೇಕಂತೆ, ಅಮೂಟಿ. ಅದೊಂದು ನನಗೆ ಬರೆಯೋಕೆ ಬರಲ್ಲ."

ಇನ್ನು ಯಂತ್ರದ ಪರೀಕ್ಷೆಯಲ್ಲಿ ಪಾಸಾದವರ ಸಮಾಚಾರ ಕೇಳಿ. ನನ್ನ ತರಗತಿಯಲ್ಲಿ ಮೂವರು ನಿಷ್ಕಳಂಕರೆಂದು ವರದಿ ಬಂದಿದೆ. ಮೂವರೂ ಮೊದಲ ಕರಡನ್ನು ಬಿಸಾಡಿ ಟೈಪಿಂಗ್ ಅಂಗಡಿಯಲ್ಲಿ ಸಿದ್ಧ ಪ್ರಬಂಧ ತಂದವರು. ಬೇರೆಯವರ ಬರಹದ ಪ್ರತಿ ಪದಕ್ಕೂ ಇನ್ನೊಂದು ಪದ ಹಾಕಿ ಹೋಲಿಕೆ ಅಳಿಸಿಕೊಡುವ ವಿದ್ಯೆ ಆ ಅಂಗಡಿಯವರಿಗೆ ಕರಗತ. ಹಾಗೆ ಬದಲಾಯಿಸಿದ ಒಂದು ಪ್ರಬಂಧದಲ್ಲಿ ಹಸುವಿನ ಹಾಲು 'ಗೋಜಾತಿಯ ಶ್ವೇತ ದ್ರವಪದಾರ್ಥ' ಆಗಿದೆ. ಬರೆದವನನ್ನು ಕರೆದು ಇದೇನಪ್ಪಾ ಎಂದೆ. ಅವನಿಗೂ ಗೊತ್ತಿರಲಿಲ್ಲ. ಆದರೆ ಹೋಲಿಕೆ ಶೇಕಡಾ ಮೂರು. ಪ್ರಾಮಾಣಿಕತೆ ಶೇಕಡಾ ತೊಂಬತ್ತೇಳು. ಬರೆದು ತಿದ್ದಿದವರು ಕಳ್ಳರು, ಕೊಂಡು ತಂದವರು ಸಾಚಾ. ಇದನ್ನು ನೋಡಿದ ಉಳಿದ ವಿದ್ಯಾರ್ಥಿಗಳು ಏನು ಕಲಿಯಬೇಕೆಂದು ತಮ್ಮ ಆಶಯ?

ಅವರು ಕಲಿತಾಗಿದೆ. ಈ ಅವಧಿಯ ಹೊಸ ತರಗತಿಯಲ್ಲಿ ಮೊದಲ ಕರಡು ಕೇಳಿದೆ. ಒಬ್ಬರೂ ಕೊಡಲಿಲ್ಲ. ಕೊನೆಗೆ ಮುಂದಿನ ಸಾಲಿನ ಒಬ್ಬಳು, "ತಿದ್ದಿದ್ರೆ ಸಿಕ್ಕಿಹಾಕ್ಕೋತೀವಂತೆ, ಮೇಡಂ. ಸೀನಿಯರ್‌ಗಳು ಹೇಳಿದ್ರು" ಎಂದಳು. ಅವಳ ಭಯ ಆಧಾರವಿಲ್ಲದ್ದಲ್ಲ. ಆಧಾರ ತಮ್ಮ ಕಚೇರಿಯ ಸೂಚನಾ ಫಲಕದಲ್ಲಿ ತೂಗುತ್ತಿದೆ.

ಯಂತ್ರವನ್ನು ಎಸೆಯಿರಿ ಎಂದು ನಾನು ಕೇಳುತ್ತಿಲ್ಲ. ನಮ್ಮಲ್ಲಿ ನಕಲು ಮಾಡುವವರಿದ್ದಾರೆ, ಹಿಡಿಯಬೇಕು. ಆದರೆ ಹೋಲಿಕೆ ಕಂಡುಹಿಡಿಯುವುದು ಯಂತ್ರದ ಕೆಲಸ, ಕಳ್ಳತನ ಹೌದೋ ಅಲ್ಲವೋ ಎಂದು ಓದಿ ನಿರ್ಧರಿಸುವುದು ಮನುಷ್ಯರದು. ಸಮಿತಿಯ ಐವರಲ್ಲಿ ಒಬ್ಬರಾದರೂ ಎರಡೂ ಪ್ರಬಂಧಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೇ? ಓದಿದ್ದರೆ, ಒಂದೇ ತಲೆ ಎರಡು ಕಡೆ ಯೋಚಿಸುತ್ತಿರುವುದು ಕಾಣದೆ ಇರಲು ಸಾಧ್ಯವೇ ಇರಲಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಮುಂದಿನ ಅವಧಿಗೆ ಹೆಸರು ನೋಂದಾಯಿಸುವ ಕೊನೆಯ ದಿನಕ್ಕೆ ಮೊದಲು ಕುನಿಹಿರಳ ಅಮಾನತು ರದ್ದಾಗಬೇಕು. ಅದು ತಮ್ಮ ಕಚೇರಿಯ ತಪ್ಪೆಂದು ಜಿಲ್ಲೆಗೆ ಲಿಖಿತವಾಗಿ ತಿಳಿಸಬೇಕು. ಹೆದರಿ ಸಹಿ ಹಾಕಿದವರ ತಪ್ಪೊಪ್ಪಿಗೆಗಳನ್ನು ಹಿಂತಿರುಗಿಸಿ, ಅವರ ಅಂಕ ಅವರಿಗೆ ಕೊಡಬೇಕು. ಕರಡುಗಳನ್ನು ಯಂತ್ರಕ್ಕೆ ಹಾಕಬಾರದು, ಅವು ಅಧ್ಯಾಪಕರು ಓದಲು ಇರುವಂಥವು.

ಇನ್ನೊಂದು ವಿಷಯ ನಾನೇ ತಿಳಿಸುವುದು ಒಳ್ಳೆಯದು. ಕಳೆದ ಭಾನುವಾರ ಊರಿನಿಂದ ಕುನಿಹಿರ ನನ್ನ ಫೋನಿಗೆ ಅದೇ ಪ್ರಬಂಧದ ನಾಲ್ಕನೆಯ ಕರಡು ಕಳಿಸಿದಳು. ಅಂಕವಿಲ್ಲ, ಹಾಜರಿಯಿಲ್ಲ, ಕೇಳಿದವರಿಲ್ಲ. ಕೊನೆಯ ಪ್ಯಾರಾ ಇನ್ನೂ ತನಗೆ ಒಪ್ಪಿಗೆಯಾಗುತ್ತಿಲ್ಲ, ಹೆಂಡದ ಅಂಗಡಿಯ ಗಂಡಸರನ್ನೂ ಮಾತಾಡಿಸಬೇಕಿತ್ತೇನೋ, ನೋಡಿ ಹೇಳುತ್ತೀರಾ ಎಂದು ಕೇಳಿದ್ದಾಳೆ. ಅಮಾನತಿನಲ್ಲಿರುವವರಿಗೆ ಬೋಧಿಸುವುದು ನಿಯಮಬಾಹಿರ ಎಂದು ನನಗೆ ಗೊತ್ತಿದೆ. ಓದಿದೆ, ಮಾತಾಡಿಸು ಎಂದು ಅಂಚಿನಲ್ಲಿ ಬರೆದೆ, ವಾಪಸು ಕಳಿಸಿದೆ. ಐದನೆಯದು ಬಂದರೆ ಅದನ್ನೂ ಓದುತ್ತೇನೆ.

ಇಂತಿ,
ತಮ್ಮದೇ ಸಹಿಯಿರುವ ಪಠ್ಯಕ್ರಮವನ್ನು ಅಕ್ಷರಶಃ ಪಾಲಿಸಿ ವಿದ್ಯಾರ್ಥಿನಿಯನ್ನು ಕಳೆದುಕೊಂಡ,
ಮೊದಲ ವರ್ಷದ ಬರವಣಿಗೆಯ ಅಧ್ಯಾಪಕಿ